ಉಳಿದ ಇಬ್ಬರು ಹೆಣ್ಣುಮಕ್ಕಳು ಎಲ್ಲಿ ಹೋದ್ರು? (ಫಿಡ್ಲರ್ ಆನ್ ದ ರೂಫ್, ಟೆವ್ಯೆಯ ಕಥೆಗಳು, ನಮ್ಮ ‘ಜೊತೆಗಿರುವನು ಚಂದಿರ’)

ಪುಟ್ಟೇನಹಳ್ಳಿ_ಪದ್ದಿ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ.

ಬಹಳ ವರ್ಷದ ಹಿಂದೆ ಜಯಂತ ಕಾಯ್ಕಿಣಿ ಅವರ ‘ಜೊತೆಗಿರುವನು ಚಂದಿರ’ ನಾಟಕ ನೋಡಿದ್ದೆ. ದೇಶ ಇಬ್ಭಾಗ ಆಗೋ ಕಾಲ, ಒಂದು ಮುಸ್ಲಿಂ ಮನೆ, ಮದುವೆ ವಯಸ್ಸಿಗೆ ಬಂದ ಹೆಣ್ಣುಮಕ್ಕಳು, ಒಬ್ಬೊಬ್ಬಳೂ ಒಂದೊಂದು ದಿಕ್ಕಿಗೆ. ಅದರಲ್ಲಿ ಒಬ್ಬಳು ಹಿಂದೂ ಹುಡುಗನ ಜೊತೆ ಹೋಗ್ತಾಳೆ. ಅಪ್ಪ ಒದ್ದಾಡ್ತಾನೆ. ಅವತ್ತು ಅತ್ತು ಕರವಸ್ತ್ರ ಒದ್ದೆ ಮಾಡ್ಕೊಂಡು ಮನೆಗೆ ಬಂದು ಸಾರು ಬಿಸಿ ಮಾಡ್ಕೊಂಡು ಉಂಡು ಮಲಗಿದ್ದೆ, ಅಷ್ಟೇ, ಮೂಲ ಯಾವುದು ಅಂತೆಲ್ಲ ತಲೆ ಕೆಡಿಸ್ಕೊಂಡಿರ್ಲಿಲ್ಲ.

ಹೋದ ತಿಂಗಳು ಜ್ವರ ಬಂದು ಮನೇಲಿದ್ದಾಗ ‘ಫಿಡ್ಲರ್ ಆನ್ ದ ರೂಫ್’ ಸಿನಿಮಾ ನೋಡಿದೆ, 1971ರದ್ದು. ಕಾಲು ಗಂಟೆ ಆಗೋಷ್ಟರಲ್ಲಿ ಎದ್ದು ಕೂತೆ. ಅಯ್ಯೋ ಇದು ನಂಗೆ ಗೊತ್ತಿರೋ ಮನೆ! ಆಮೇಲೆ ಹುಡುಕಿದ್ರೆ ಕಾಯ್ಕಿಣಿ ಅವರು ಈ ನಾಟಕಾನೇ ನಮ್ಮ ನೆಲಕ್ಕೆ ತಂದಿದ್ದು ಅಂತ ಗೊತ್ತಾಯ್ತು. ಗೊತ್ತಿದ್ದವರು ನಗಬಹುದು.

ಅಲ್ಲಿಗೆ ಬಿಟ್ಟಿದ್ರೆ ಚೆನ್ನಾಗಿತ್ತು. ಬಿಡ್ಲಿಲ್ಲ. ಸಿನಿಮಾದ ಹಿಂದೆ 1964ರ ನ್ಯೂಯಾರ್ಕಿನ ಬ್ರಾಡ್‌ವೇ ಸಂಗೀತ ನಾಟಕ, ಅದರ ಹಿಂದೆ ಶೋಲೆಮ್ ಅಲೈಖೆಮ್ ಅನ್ನೋ ಯಿಡ್ಡಿಷ್ (ಪೂರ್ವ ಯುರೋಪಿನ ಯಹೂದಿಗಳ ಭಾಷೆ) ಲೇಖಕ 1894ರಿಂದ 1914ರವರೆಗೆ ಬಿಡಿಬಿಡಿಯಾಗಿ ಬರೆದ ಟೆವ್ಯೆ ಅನ್ನೋ ಹಾಲು ಮಾರೋನ ಕಥೆಗಳು. ಇಂಗ್ಲಿಷ್ ಅನುವಾದ ತರಿಸಿ ಓದಿದೆ, ಓದಿ ಮೂರು ದಿನ ಸರಿಯಾಗಿ ನಿದ್ದೆ ಇಲ್ಲ.

ಯಾಕಂದ್ರೆ ನಾಟಕದಲ್ಲಿ ಮೂರು ಹುಡುಗೀರ ಕಥೆ ಇದೆ. ದೊಡ್ಡೋಳು ಬಡ ದರ್ಜಿನ ಮದುವೆ ಆಗ್ತಾಳೆ, ಎರಡನೆಯೋಳು ಕ್ರಾಂತಿಕಾರಿ ಹುಡುಗನ ಹಿಂದೆ ಸೈಬೀರಿಯಾಗೆ, ಮೂರನೆಯೋಳು ಜಾತಿ ಬಿಟ್ಟು ಹೊರಗೆ. ಕೊನೇ ಇಬ್ಬರು ಸುಮ್ನೆ ಪುಟ್ಟ ಮಕ್ಕಳು, ವೇದಿಕೆ ಮೇಲೆ ಓಡಾಡ್ತಾರೆ. ಪುಸ್ತಕದಲ್ಲಿ ಆ ಇಬ್ಬರಿಗೂ ಕಥೆ ಇದೆ ರೀ! ನಾಲ್ಕನೆಯೋಳು ಶ್ಪ್ರಿಂಟ್ಸೆ, ಬೇಸಿಗೆಗೆ ಅಲ್ಲಿಗೆ ಬಂದಿದ್ದ ಶ್ರೀಮಂತ ವಿಧವೆಯ ಮಗ ಅವಳನ್ನ ಇಷ್ಟಪಟ್ಟು, ಆಮೇಲೆ ಅವನ ಸೋದರಮಾವ ಬಂದು ದುಡ್ಡು ಎಷ್ಟು ಬೇಕು ಹೇಳು ಅಂತ ಟೆವ್ಯೆ ಹತ್ರ ಚೌಕಾಸಿ ಮಾಡಿ, ಮನೆಯವರೆಲ್ಲ ರಾತ್ರೋರಾತ್ರಿ ಊರು ಬಿಟ್ಟು, ಹುಡುಗಿ ನೀರಿಗೆ ಬೀಳ್ತಾಳೆ. ಐದನೆಯೋಳು ಬೇಲ್ಕೆ, ಅಪ್ಪ ಸುಖವಾಗಿರ್ಲಿ ಅಂತ ಇಷ್ಟ ಇಲ್ದೇ ಇರೋ ದುಡ್ಡಿನ ಕಂಟ್ರಾಕ್ಟರನ್ನ ಕಟ್ಕೊಂಡು, ಅವನು ದಿವಾಳಿ ಆಗಿ ಅಮೆರಿಕಕ್ಕೆ ಓಡಬೇಕಾಗುತ್ತೆ. ದೊಡ್ಡೋಳ ದರ್ಜಿ ಗಂಡ ಸತ್ತೇ ಹೋಗ್ತಾನೆ. ಹೆಂಡತಿ ಗೋಲ್ಡೆನೂ ಸಾಯ್ತಾಳೆ.

ಇದೆಲ್ಲಾ ತೆಗೆದು ಹಾಕಿ ಮೇಲೆ ಹಾಡು ಕುಣಿತ ಇಟ್ಟು ಬಡಿಸಿದ್ರಲ್ಲ, ಇದು ಮೋಸ ಅಲ್ವಾ? ಸಂಗೀತ ನಾಟಕ ಅಂದ್ರೆ ಕಥೆಯ ಮುಳ್ಳು ತೆಗೆದ ಮೀನಾ? ಹೇಳಿ.

ಹಾರ್ಮೋನಿಯಂ_ಪೆಟ್ಟಿಗೆ

ಪದ್ದಿಯವರ, ನೀವು ಮೋಸ ಅಂದ್ರಿ, ನಾ ಅದಕ್ಕ ಸಂಗೀತದ ಧರ್ಮ ಅಂತೀನ್ರಿ. ನಮ್ಮಪ್ಪ ಕಂಪನಿ ನಾಟಕದಾಗ ಕಾಲು ಹಾರ್ಮೋನಿಯಂ ಬಾರಿಸ್ತಿದ್ರು, ನಾ ಪರದೆ ಹಿಂದ ಮಲಕೊಂಡು ಬೆಳೆದಾಂವ. ಹಾಡಿಗೆ ಜಾಗ ಬೇಕಲ್ರಿ. ಒಂದ ಹಾಡು ಅಂದ್ರ ಐದು ನಿಮಿಷ, ಜನ ವನ್ಸ್ ಮೋರ್ ಅಂದ್ರ ಹತ್ತು ನಿಮಿಷ. ನಮ್ಮ ಕಡೆ ಸತ್ತು ಬಿದ್ದಾಂವ ಸುದ್ದಾ ವನ್ಸ್ ಮೋರ್ ಬಿದ್ರ ಎದ್ದು ಕುಂತು ಮತ್ತೊಮ್ಮೆ ಹಾಡಿ ಮತ್ತ ಸಾಯ್ತಿದ್ದ. ಐದು ಹೆಣಮಕ್ಕಳ ಕಥಿ ಹಾಡಿನಾಗ ಹೇಳಾಕ ಹೋದ್ರ ಬೆಳ್ಳಿ ಮೂಡಿ ಬೆಳಕು ಹರೀತದ, ನಾಟಕ ಮುಗಿಯಂಗಿಲ್ಲ.

ಮತ್ತೊಂದು. ಹಾಡಿನ ನಾಟಕ ಅಂದ್ರ ಬ್ರಾಡ್‌ವೇ ಅಂತ ಕುಂದ್ರಬ್ಯಾಡ್ರಿ. ನಮ್ಮ ಹೊನ್ನಾವರ ಕಡೆ ಕರ್ಕಿ ಮೇಳದವರು 1842ರಾಗ ಸಾಂಗ್ಲಿಗೆ ಹೋಗಿ ಯಕ್ಷಗಾನ ಆಡಿದ್ರು, ಅದನ್ನ ನೋಡಿ ಅಲ್ಲಿ ರಾಜರು ವಿಷ್ಣುದಾಸ ಭಾವೆಗೆ ನೀನೂ ಹಿಂಗೊಂದು ಮಾಡು ಅಂದ್ರು, 1843ರಾಗ ‘ಸೀತಾ ಸ್ವಯಂವರ’ ಬಂತು. ಮರಾಠಿ ರಂಗಭೂಮಿ ಹುಟ್ಟಿದ್ದ ಅಲ್ಲಿಂದ. ಮುಂದ ಸಂಗೀತ ನಾಟಕದ ಗಂಗೋತ್ರಿ ಅಂತಾರಲ್ಲ ಆ ಅಣ್ಣಾಸಾಹೇಬ ಕಿರ್ಲೋಸ್ಕರ, ಅವರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರದವರು. 1880ರಾಗ ಪುಣೆದಾಗ ‘ಶಾಕುಂತಲ’ ಆಡಿಸಿದ್ರು. ಹಾಡಿನ ಮ್ಯಾಲೆ ಹಾಡು.

ಮೇಷ್ಟ್ರು_ಚಪ್ಪಲಿ

ಶಾಕುಂತಲದ ಹೆಸರು ಬಂದಿದ್ದು ಒಳ್ಳೇದಾಯ್ತು. ಪದ್ದಿಯವರು ಕೇಳ್ತಿರೋ ಪ್ರಶ್ನೆ ಹೊಸದಲ್ಲ ಮೇಡಂ, ಅದು ಕಾಳಿದಾಸನ್ನೇ ಕೇಳಬೇಕಾದ ಪ್ರಶ್ನೆ.

ಮಹಾಭಾರತದ ಆದಿಪರ್ವದಲ್ಲಿ ಶಕುಂತಲೆ ಕಥೆ ಓದಿ. ಉಂಗುರ ಇಲ್ಲ, ಮೀನು ಇಲ್ಲ, ದೂರ್ವಾಸರ ಶಾಪ ಇಲ್ಲ. ದುಷ್ಯಂತನಿಗೆ ಎಲ್ಲಾ ನೆನಪಿದೆ, ಆದ್ರೂ ಸಭೆಯಲ್ಲಿ ನೀನ್ಯಾರೋ ಗೊತ್ತಿಲ್ಲ ಅಂತಾನೆ. ಹಸಿ ಸುಳ್ಳು. ಅವಳೂ ಕಣ್ಣೀರು ಹಾಕ್ಕೊಂಡು ನಿಲ್ಲಲ್ಲ, ರಾಜನ್ನ ನಿಲ್ಲಿಸಿ ಚೆನ್ನಾಗಿ ಜಾಡಿಸ್ತಾಳೆ. ಆಮೇಲೆ ಅಶರೀರವಾಣಿ ಆದ್ಮೇಲೆ ರಾಜ, ನಂಗೆ ಗೊತ್ತಿತ್ತು, ಜನ ನಂಬಲಿ ಅಂತ ಹಂಗೆ ಮಾಡ್ದೆ ಅಂತಾನೆ. ಎಂಥಾ ಮನುಷ್ಯ ನೋಡಿ. ಇಂಥವನನ್ನ ನಾಯಕ ಮಾಡಿ ಶೃಂಗಾರ ನಾಟಕ ಬರೆಯೋದು ಹೆಂಗೆ? ಅದಕ್ಕೇ ಶಾಪ ತಂದ, ಉಂಗುರ ತಂದ, ತಪ್ಪನ್ನೆಲ್ಲ ದೂರ್ವಾಸರ ತಲೆಗೆ ಕಟ್ಟಿದ. ಹುಡುಗಿಯ ಬಾಯೂ ಸಣ್ಣದು ಮಾಡಿದ. ಸಾವಿರದೈನೂರು ವರ್ಷದಿಂದ ನಾವೆಲ್ಲ ಚಪ್ಪಾಳೆ ತಟ್ತಾ ಇದೀವಿ. ನಮ್ಮ ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದಿದ್ದೂ ಕಾಳಿದಾಸನ ಶಕುಂತಲೇನೇ, ವ್ಯಾಸರದ್ದಲ್ಲ.

ಆದ್ದರಿಂದ ಮುಳ್ಳು ತೆಗೆಯೋದು ಸಂಗೀತ ನಾಟಕದ ಕಾಯಿಲೆ ಅಂತ ಅನ್ನೋಕಾಗಲ್ಲ. ವೇದಿಕೆಯ ಚಾಳಿ.

ಪುಟ್ಟೇನಹಳ್ಳಿ_ಪದ್ದಿ

ಮೇಷ್ಟ್ರೇ ನೀವು ಹೇಳಿದ್ದು ಸರಿ, ಆದ್ರೆ ಚಾಳಿ ಹಳೇದು ಅಂದ ಮಾತ್ರಕ್ಕೆ ಒಳ್ಳೇದಾಗಲ್ಲ ಅಲ್ವಾ. ಶ್ಪ್ರಿಂಟ್ಸೆ ನೀರಿಗೆ ಬಿದ್ದಿದ್ದನ್ನ ತೆಗೆದಿದ್ದು ಯಾಕೆ? ಜನ ಟಿಕೆಟ್ ತಗೊಳಲ್ಲ ಅಂತ ತಾನೇ?

ಜರ್ಸಿ_ಗೌಡ

ನಾನು ಇಲ್ಲೇ ನ್ಯೂಜರ್ಸಿಲಿ ಇರೋದು, 2019ರಲ್ಲಿ ಮ್ಯಾನ್‌ಹಾಟನ್‌ನಲ್ಲಿ ಇದೇ ನಾಟಕ ಯಿಡ್ಡಿಷ್ ಭಾಷೇಲಿ ನೋಡಿದೆ. ಜೋಯೆಲ್ ಗ್ರೇ ನಿರ್ದೇಶನ, ಹಿಂದಿನ ವರ್ಷ ಶುರುವಾಗಿದ್ದು, ಇಂಗ್ಲಿಷ್ ಮತ್ತೆ ರಷ್ಯನ್ ಸಾಲುಗಳನ್ನ ಪರದೆ ಮೇಲೆ ಹಾಕ್ತಿದ್ರು. ನಂಗೆ ಎರಡೂ ಕಡೆ ಕಣ್ಣು ಹೋಗಿ ಹೋಗಿ ಕುತ್ತಿಗೆ ನೋವು. ಪಕ್ಕದಲ್ಲಿ ಒಬ್ರು ವಯಸ್ಸಾದ ಹೆಂಗಸು ಪರದೆ ನೋಡ್ತಾನೇ ಇರಲಿಲ್ಲ, ಜೋಕಿಗೆ ಎಲ್ಲರಿಗಿಂತ ಒಂದು ಸೆಕೆಂಡ್ ಮುಂಚೆ ನಗ್ತಿದ್ರು.

ಪದ್ದಿಯವರ ಪ್ರಶ್ನೆಗೆ ಬರ್ತೀನಿ. ಟಿಕೆಟ್ ಒಂದೇ ಕಾರಣ ಅಲ್ಲ. ಜೋಸೆಫ್ ಸ್ಟೈನ್ ಕಥೆ ಹೆಣೆದ್ರು, ಜೆರಿ ಬಾಕ್ ಸಂಗೀತ, ಶೆಲ್ಡನ್ ಹಾರ್ನಿಕ್ ಹಾಡು. ನಿರ್ದೇಶಕ ಜೆರೋಮ್ ರಾಬಿನ್ಸ್ ಬಂದು, ಈ ನಾಟಕ ಯಾವುದರ ಬಗ್ಗೆ ಅಂತ ಕೇಳ್ತಾನೇ ಇದ್ದನಂತೆ. ಒಬ್ಬ ಹಾಲು ಮಾರೋನು, ಅವನ ಹೆಣ್ಣುಮಕ್ಕಳ ಮದುವೆ ಅಂದ್ರೆ, ಅದಲ್ಲ ಅದಲ್ಲ, ಯಾವುದರ ಬಗ್ಗೆ? ಮತ್ತೆ ಕೇಳೋದು. ತಿಂಗಳುಗಟ್ಟಲೆ ಇದೇ. ಕೊನೆಗೆ ಒಂದಿನ ಯಾರೋ, ಒಂದು ಸಂಪ್ರದಾಯ ಕಣ್ಮುಂದೆ ಕರಗಿ ಹೋಗೋದರ ಬಗ್ಗೆ ಅಂದ್ರು. ಹಂಗಾದ್ರೆ ಅದನ್ನೇ ಮೊದಲನೇ ಹಾಡು ಮಾಡಿ ಅಂದ. ಸಂಪ್ರದಾಯದ ಹಾಡು ಹುಟ್ಟಿದ್ದು ಹಾಗೆ.

ಇದಾದ ಮೇಲೆ ಲೆಕ್ಕ ಹಾಕಿ. ದೊಡ್ಡೋಳು ಸಂಪ್ರದಾಯಕ್ಕೆ ಒಂದು ಹೆಜ್ಜೆ ಆಚೆ (ಮದುವೆ ದಲ್ಲಾಳಿ ಬೇಡ ಅಂತಾಳೆ, ಆದ್ರೆ ಅಪ್ಪನ ಒಪ್ಪಿಗೆ ಕೇಳ್ತಾಳೆ). ಎರಡನೆಯೋಳು ಎರಡು ಹೆಜ್ಜೆ (ಒಪ್ಪಿಗೆ ಬೇಡ, ಆಶೀರ್ವಾದ ಸಾಕು). ಮೂರನೆಯೋಳು ಧರ್ಮದ ಗಡಿನೇ ದಾಟ್ತಾಳೆ, ಅಪ್ಪನ ಕೈ ಅಲ್ಲಿ ಸೋಲುತ್ತೆ. ಮೆಟ್ಟಿಲು ಸರಿಯಾಗಿ ಮೂರು. ಶ್ಪ್ರಿಂಟ್ಸೆ ಬೇಲ್ಕೆ ಕಥೆ ದುಡ್ಡಿನದ್ದು, ಬಡವ ಬಲ್ಲಿದರದ್ದು. ಆ ಮೆಟ್ಟಿಲಿಗೆ ಸೇರಲ್ಲ. ಮುಳ್ಳು ಅಂತ ತೆಗೆದಿಲ್ಲ ಅನ್ಸುತ್ತೆ, ಬೇರೆ ಮೀನು ಅಂತ ಬಿಟ್ರು.

ಇನ್ನೊಂದು ಗಾಸಿಪ್ಪು, ಹೇಳದೇ ಇರೋಕಾಗಲ್ಲ. ಟೆವ್ಯೆ ಮಾಡಿದ್ದು ಝೀರೋ ಮೋಸ್ಟೆಲ್. ಈ ರಾಬಿನ್ಸ್ 1953ರಲ್ಲಿ ಕಮ್ಯುನಿಸ್ಟ್ ಬೇಟೆ ನಡೀತಿದ್ದಾಗ ಸಂಸತ್ತಿನ ಸಮಿತಿ ಮುಂದೆ ಕೂತು ಗೆಳೆಯರ ಹೆಸರು ಹೇಳಿದ್ದ. ಮೋಸ್ಟೆಲ್ ಹೆಸರು ಹೇಳದೆ ಕಪ್ಪುಪಟ್ಟಿಗೆ ಸೇರಿ ವರ್ಷಗಟ್ಟಲೆ ಕೆಲಸ ಇಲ್ಲದೆ ಕೂತಿದ್ದ. ಇಬ್ಬರೂ ಒಂದೇ ರಿಹರ್ಸಲ್ ಕೋಣೇಲಿ! ಊರು ಒಡೆದು ಹೋಗೋ ನಾಟಕ ಮಾಡ್ತಾ ಇದ್ದವರು ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡೋದೇ ಕಷ್ಟ. ಆದ್ರೂ ಅದು 3,242 ಪ್ರದರ್ಶನ ಓಡ್ತು, ಮೂರು ಸಾವಿರ ದಾಟಿದ ಮೊದಲ ಬ್ರಾಡ್‌ವೇ ಸಂಗೀತ ನಾಟಕ ಅದೇ.

ಕುಡ್ಲದ_ಕಾಕ

ಗೌಡ್ರೆ ಆ ಮೆಟ್ಟಿಲಿನ ಮಾತು ಒಪ್ಪಿದೆ. ನಮ್ಮ ಯಕ್ಷಗಾನದಲ್ಲೂ ಹಾಗೆಯೇ ಅಲ್ಲವಾ ಮಾರಾಯ್ರೆ, ಪ್ರಸಂಗಕರ್ತ ಪುರಾಣದಿಂದ ಎಲ್ಲ ತೆಗೆದುಕೊಳ್ಳುವುದಿಲ್ಲ, ಪದ್ಯಕ್ಕೆ ಎಷ್ಟು ಬೇಕೋ ಅಷ್ಟು. ಉಳಿದದ್ದನ್ನು ಅರ್ಥಧಾರಿ, ಅಂದರೆ ಪದ್ಯದ ಅರ್ಥವನ್ನು ಮಾತಿನಲ್ಲಿ ಹೇಳುವವ, ತುಂಬಿಸಿಕೊಳ್ಳುತ್ತಾನೆ. ಬ್ರಾಡ್‌ವೇಯಲ್ಲಿ ಅರ್ಥಧಾರಿ ಇಲ್ಲ ಎಂಬುದೇ ಪಾಪ ಅವರ ಕಷ್ಟ.

ನಂಗೆ ಬೇರೆಯೇ ಒಂದು ಸಂಗತಿ ಹೇಳಲಿಕ್ಕುಂಟು. ಶೋಲೆಮ್ ಅಲೈಖೆಮ್ ಎಂಬುದು ಆ ಲೇಖಕನ ನಿಜವಾದ ಹೆಸರಲ್ಲ. ಹೆಸರು ರಾಬಿನೋವಿಚ್, 1859ರಲ್ಲಿ ಈಗಿನ ಉಕ್ರೇನಿನಲ್ಲಿ ಹುಟ್ಟಿದ್ದು. ಶೋಲೆಮ್ ಅಲೈಖೆಮ್ ಅಂದರೆ ನಿಮಗೆ ಶಾಂತಿ ಇರಲಿ, ಯಹೂದಿಗಳು ಎದುರು ಸಿಕ್ಕಿದವರಿಗೆ ಹೇಳುವ ನಮಸ್ಕಾರ. ಬಾಯಿಬಿಟ್ಟು ಒಮ್ಮೆ ಹೇಳಿ ನೋಡಿ. ಅಸ್ಸಲಾಮು ಅಲೈಕುಮ್. ಹೀಬ್ರೂ ಅರಬ್ಬಿ ಅಕ್ಕತಂಗಿ ಭಾಷೆಗಳು, ಎರಡೂ ಒಂದೇ ಮಾತು.

ಈಗ ಕಾಯ್ಕಿಣಿಯವರು ಟೆವ್ಯೆಯ ಮನೆಯನ್ನು ಮುಸ್ಲಿಂ ಮನೆ ಮಾಡಿದ್ದು ನೋಡಿ. ಅವರು ಇದನ್ನು ಯೋಚಿಸಿಯೇ ಮಾಡಿದರೋ ನಾನು ಹೇಳಲಾರೆ, ಆದರೆ ಮೂಲ ಕಥೆಗಾರನ ಹೆಸರೇ ಆ ಮನೆಯ ಬಾಗಿಲಲ್ಲಿ ದಿನಾ ಹೇಳುವ ಸಲಾಮು. ನಂಗೆ ಇದು ಹೊಳೆದ ದಿನ ಚಾ ತಣ್ಣಗಾದದ್ದೂ ಗೊತ್ತಾಗಲಿಲ್ಲ.

ಪುಟ್ಟೇನಹಳ್ಳಿ_ಪದ್ದಿ

ಕಾಕಾ!! ಇದು ನಂಗೆ ಹೊಳೆದೇ ಇರ್ಲಿಲ್ಲ.

ಬಿಸಿಬೇಳೆ_ಭಾತ್

ನಾಟಕ ಗೀಟಕ ಜಾಸ್ತಿ ಗೊತ್ತಿಲ್ಲ, ಆದ್ರೆ ಈ ಶಿವಮೊಗ್ಗ ಜಿಲ್ಲೆ ಆನವಟ್ಟಿಲಿ 2022 ಜುಲೈನಲ್ಲಿ ಅರ್ಧಕ್ಕೆ ನಿಲ್ಲಿಸಿದ್ರಲ್ಲ ಅದು ಇದೇ ನಾಟಕನಾ? ಪೇಪರ್‌ನಲ್ಲಿ ಓದಿದ ನೆನಪು.

ಜರ್ಸಿ_ಗೌಡ

ಹೌದು ಇದೇ. ಕೆಲವರು ಬಂದು ಆಕ್ಷೇಪ ಮಾಡಿ ಪ್ರದರ್ಶನ ನಿಲ್ಲಿಸಿದ್ರು. ಹಿಂದೂ ಹುಡುಗ ಮುಸ್ಲಿಂ ಹುಡುಗಿ ಅನ್ನೋದೇ ತಕರಾರು. ಮೂಲದಲ್ಲಿ ಖಾವ ಅನ್ನೋ ಮೂರನೇ ಮಗಳು ಕ್ರೈಸ್ತ ಹುಡುಗನ್ನ ಮದುವೆ ಆಗೋದೂ ಇದೇ ಗಾಯದ ಮೇಲೆ ಕೈ ಇಡೋ ಹಂಗೆ ಇತ್ತು, ಆ ಕಥೆ ಬರೆದಿದ್ದು ಯಹೂದಿಗಳ ಮೇಲೆ ದಾಳಿ ನಡೀತಿದ್ದ ಕಾಲದಲ್ಲಿ. ಲೇಖಕನೇ 1905ರಲ್ಲಿ ಕೀವ್‌ನಲ್ಲಿ ದಂಗೆ ಆದ್ಮೇಲೆ ಊರು ಬಿಟ್ಟವನು.

ಅನಾಮಿಕ_77

ಅಂದ್ರೆ ಆಕ್ಷೇಪ ಮಾಡಿದವರದ್ದೂ ಒಂದು ಭಾವನೆ ಇದೆ ಅಂತ ಯಾಕೆ

ನಿರ್ವಾಹಕ

ಇಲ್ಲಿಗೆ ಈ ಕವಲು ನಿಲ್ಲಿಸಿ. ಈ ಹಿಂದೆ ಎರಡು ಚರ್ಚೆ ಇದೇ ಕಾರಣಕ್ಕೆ ಬೀಗ ಹಾಕಿದೀನಿ, ಮೂರನೇದು ಬೇಡ. ನಾಟಕ, ಕಥೆ, ಹಾಡು, ಅಷ್ಟು ಮಾತಾಡಿ. ಊಟಕ್ಕೆ ಹೋಗಿ ಬರೋಷ್ಟರಲ್ಲಿ ಏನೂ ಆಗಿರಬಾರದು.

ಸರಸು_ಅತ್ತೆ

ನಾನು ಒಂದು ಮಾತು ಹೇಳ್ಲಾ. ನೀವೆಲ್ಲ ಏನು ಹೋಯ್ತು ಏನು ಹೋಯ್ತು ಅಂತ ಲೆಕ್ಕ ಹಾಕ್ತಿದೀರಲ್ಲ, ಏನು ಬಂತು ಅಂತ ಯಾರೂ ಕೇಳ್ಲಿಲ್ಲ.

ಪದ್ದಿ ಹೇಳಿದ್ಮೇಲೆ ನಾನೂ ಆ ಪುಸ್ತಕ ಮಗನ ಕೈಲಿ ಫೋನಿಗೆ ಹಾಕಿಸ್ಕೊಂಡು ಓದಿದೆ. ಅದರಲ್ಲಿ ಬರೀ ಆ ಗಂಡಸಿನ ಮಾತು! ದಾರೀಲಿ ಸಿಕ್ಕಿದ ಲೇಖಕನ್ನ ಗಾಡಿ ಪಕ್ಕ ನಿಲ್ಲಿಸ್ಕೊಂಡು, ಸ್ವಾಮಿ ನಮ್ಮನೆ ಕಥೆ ಏನಾಯ್ತು ಗೊತ್ತಾ ಅಂತ ಶುರು ಮಾಡಿ, ಮಧ್ಯ ಮಧ್ಯ ಶಾಸ್ತ್ರದ ಸಾಲು ತಪ್ಪುತಪ್ಪಾಗಿ ಹೇಳ್ಕೊಂಡು (ನಮ್ಮ ದೊಡ್ಡಪ್ಪ ಒಬ್ರಿದ್ರು, ಪ್ರತೀ ಮಾತಿಗೂ ಗೀತೇಲಿ ಹೇಳಿದಾನೆ ಅನ್ನೋರು, ಹೇಳ್ತಿದ್ದಿದ್ದು ಸರ್ವಜ್ಞನ ವಚನ), ಹೆಂಡತಿ ಬೈದಿದ್ದು, ಮಗಳು ಅತ್ತಿದ್ದು, ಎಲ್ಲಾ ಅವನ ಬಾಯಲ್ಲೇ ಬರಬೇಕು. ಹೆಂಡತಿ ಅಂದ್ರೆ ಅದರಲ್ಲಿ ಒಟ ಒಟ ಅನ್ನೋಳು ಅಷ್ಟೇ. ಅವಳು ಸಾಯೋದೂ ಹಂಗೇ, ಎರಡು ಕಥೆ ಮಧ್ಯದಲ್ಲಿ. ಆ ಹುಡುಗಿ ನೀರಿಗೆ ಬೀಳೋ ಮುಂಚೆ ಅವಳ ತಲೇಲಿ ಏನು ಓಡ್ತಿತ್ತು, ನಮಗೆ ಗೊತ್ತೇ ಆಗಲ್ಲ.

ನಾಟಕದಲ್ಲಿ ಹಂಗಿಲ್ಲ. ಮೂರು ಹುಡುಗೀರು ಮನೆ ಕೆಲಸ ಮಾಡ್ತಾ ಗಂಡು ಹುಡುಕೋ ದಲ್ಲಾಳಿ ಬಗ್ಗೆ ಹಾಡ್ತಾರೆ, ಮೊದಮೊದಲು ಆಸೇಲಿ, ಕೊನೆ ಕೊನೆಗೆ ಭಯದಲ್ಲಿ, ಅಪ್ಪ ಅಲ್ಲಿಲ್ಲ. ಎರಡನೆಯೋಳು ರೈಲ್ವೆ ಸ್ಟೇಷನ್ನಿನಲ್ಲಿ ನಿಂತು ಮನೆ ಬಿಟ್ಟು ಯಾಕೆ ಹೋಗ್ತಿದೀನಿ ಅಂತ ತಾನೇ ಹಾಡಿ ಹೇಳ್ತಾಳೆ. ಗಂಡ, ನೀನು ನನ್ನ ಪ್ರೀತಿಸ್ತೀಯಾ ಅಂತ ಕೇಳಿದಾಗ ಗೋಲ್ಡೆ ಏನಂತಾಳೆ? ಇಪ್ಪತ್ತೈದು ವರ್ಷ ನಿನ್ನ ಬಟ್ಟೆ ಒಗೆದೆ, ಅಡುಗೆ ಮಾಡ್ದೆ, ಹಸು ಕರೆದೆ, ಈಗ ಇದೇನು ಹೊಸ ಪ್ರಶ್ನೆ ಅಂತ. ಕಥೆಗಳಲ್ಲಿ ಆ ಪ್ರಶ್ನೆನೇ ಇಲ್ಲ. ಹಾಡು ಬರೆದವರು ಅವಳಿಗೆ ಬಾಯಿ ಕೊಟ್ರು.

ಆ ಹಾಡನ್ನ ಮಗ ಟೀವಿಲಿ ಹಾಕಿದ್ದ. ನಮ್ಮನೆಯವರು ಪಕ್ಕದಲ್ಲೇ ಪೇಪರ್ ಓದ್ತಾ ಇದ್ರು. ನಲವತ್ತೊಂದು ವರ್ಷ ಆಯ್ತು ಮದುವೆ ಆಗಿ. ನಾನು ಏನೂ ಕೇಳ್ಲಿಲ್ಲ, ಅವರೂ ಏನೂ ಹೇಳ್ಲಿಲ್ಲ, ಆದ್ರೆ ಹಾಡು ಮುಗಿಯೋವರೆಗೂ ಪುಟ ತಿರುಗಿಸ್ಲಿಲ್ಲ.

ಹಾರ್ಮೋನಿಯಂ_ಪೆಟ್ಟಿಗೆ

ಅತ್ತೀ, ಸೈ ಅಂದೆ ನೋಡ್ರಿ. ಪರದೆ ಎಳೀರಿ.

ಮೇಷ್ಟ್ರು_ಚಪ್ಪಲಿ

ಅತ್ತೆಯವರ ಮಾತಿಗೆ ನಾನು ಮೇಲೆ ಬರೆದಿದ್ದನ್ನ ತಿದ್ದಿಕೊಳ್ಳಬೇಕಾಗಿದೆ. ಕಾಳಿದಾಸ ಶಕುಂತಲೆಯ ಬಾಯಿ ಸಣ್ಣದು ಮಾಡಿದ, ಇವರು ಗೋಲ್ಡೆಯ ಬಾಯಿ ದೊಡ್ಡದು ಮಾಡಿದ್ರು. ವೇದಿಕೆಯ ಚಾಳಿ ಅಂತ ಒಂದೇ ಗಂಟಲ್ಲಿ ಹೇಳಿಬಿಟ್ಟೆ, ತಪ್ಪು.

ಒಂದು ಉದಾಹರಣೆ ಮಾತ್ರ ಸೇರಿಸ್ತೀನಿ, ಕೊನೆಯನ್ನ ಹಾಡು ಏನು ಮಾಡುತ್ತೆ ಅನ್ನೋದಕ್ಕೆ. ಬರ್ನಾರ್ಡ್ ಶಾ ತನ್ನ ‘ಪಿಗ್ಮೇಲಿಯನ್’ ನಾಟಕಕ್ಕೆ ಹಾಡು ಹಾಕಬೇಡಿ ಅಂತ ಬದುಕಿರೋವರೆಗೂ ಹಟ ಹಿಡಿದಿದ್ದ, ಮುಂಚೆ ಒಂದು ಸಲ ಅವನ ಬೇರೆ ನಾಟಕವನ್ನ ಸಂಗೀತ ಮಾಡಿ ಕೈ ಸುಟ್ಟಿದ್ರು. 1950ರಲ್ಲಿ ತೀರಿಕೊಂಡ, 1956ರಲ್ಲಿ ‘ಮೈ ಫೇರ್ ಲೇಡಿ’ ಬಂತು. ಶಾ ಪ್ರಕಾರ ಎಲೈಜಾ (ಪ್ರೊಫೆಸರೊಬ್ಬ ಶಿಷ್ಟ ಮಾತು ಕಲಿಸಿದ ಹೂ ಮಾರೋ ಹುಡುಗಿ) ಆ ಪ್ರೊಫೆಸರ್ ಹತ್ರ ಇರೋಳಲ್ಲ, ಫ್ರೆಡ್ಡಿ ಅನ್ನೋ ಹುಡುಗನ್ನ ಮದುವೆ ಆಗ್ತಾಳೆ, ಅದನ್ನ ವಿವರಿಸಿ ಉದ್ದಕ್ಕೆ ಬರೆದೂ ಇದಾನೆ. ಸಂಗೀತ ನಾಟಕದಲ್ಲಿ ಪ್ರೊಫೆಸರ್ ಚಪ್ಪಲಿ ಎಲ್ಲಿ ಅಂತ ಕೇಳ್ತಾನೆ, ಅವಳು ವಾಪಸ್ ಬಂದು ನಿಂತಿರ್ತಾಳೆ. ನನ್ನ ಐಡಿಯಲ್ಲಿರೋ ಚಪ್ಪಲಿ ಅಲ್ಲಿಂದಲೇ ಬಂದಿದ್ದು. ಇದನ್ನೂ ಕಾಯ್ಕಿಣಿಯವರು ‘ಸೇವಂತಿ ಪ್ರಸಂಗ’ ಅಂತ ಕನ್ನಡಕ್ಕೆ ತಂದಿದ್ದಾರೆ.

ಕುಡ್ಲದ_ಕಾಕ

ಕಾರ್ನಾಡರ ‘ಹಯವದನ’ ನಾಟಕವನ್ನು ಯಾರೂ ಎತ್ತಲಿಲ್ಲವಲ್ಲ. ತಲೆ ಅದಲುಬದಲಾದ ಕಥೆ ಕಥಾಸರಿತ್ಸಾಗರದ ಬೇತಾಳನದ್ದು. ಬೇತಾಳನಿಗೆ ಅದೊಂದು ಒಗಟು ಅಷ್ಟೇ: ಯಾರು ಗಂಡ? ತಲೆ ಇದ್ದವ ಗಂಡ, ಮುಗಿಯಿತು, ಮರಕ್ಕೆ ವಾಪಸು. ಅದನ್ನು ಥಾಮಸ್ ಮನ್ ಜರ್ಮನ್ ಭಾಷೆಯಲ್ಲಿ ದೊಡ್ಡದು ಮಾಡಿದ, ಮುಗಿದ ಮೇಲೆ ಏನಾಯಿತು ಎಂದು ಕೇಳಿದ. ಕಾರ್ನಾಡರು ಅಲ್ಲಿಂದ ಎತ್ತಿಕೊಂಡು ಕುದುರೆ ತಲೆಯವನನ್ನು ಸೇರಿಸಿದರು, ಭಾಗವತನನ್ನು ತಂದರು. ಕಾರಂತರು ಹಾಡಿಸಿದರು. ಗುಬ್ಬಿ ಕಂಪನಿಯಲ್ಲಿ ಹುಡುಗನಾಗಿದ್ದ ಬಿ.ವಿ. ಕಾರಂತರು, ಅವರಿಗೆ ಹಾಡೆಂದರೆ ಕಥೆ ನಿಲ್ಲಿಸಿ ಹಾಡುವುದಲ್ಲ, ಕಥೆಯ ಸೊಂಟ ತಿರುಗಿಸುವುದು ಎಂದು ಗೊತ್ತಿತ್ತು. ಭಾರತದಿಂದ ಜರ್ಮನಿಗೆ ಹೋಗಿ ತಿರುಗಿ ಬಂದ ಕಥೆ. ಪದ್ದಿಯವರ ಮೀನು ಸಮುದ್ರ ದಾಟಿ ಬಂದರೆ ಮುಳ್ಳು ಜಾಸ್ತಿಯಾಗಿಯೇ ಬರುವುದೂ ಉಂಟು ಎಂದು ಹೇಳಲಿಕ್ಕೆ ಇದನ್ನು ಬರೆದೆ.

ಬಿಸಿಬೇಳೆ_ಭಾತ್

ಮೀನು ಮೀನು ಅಂತ ನಂಗೆ ಹಸಿವಾಗ್ತಿದೆ, ನಾನು ಸಸ್ಯಾಹಾರಿ ಬೇರೆ.

ಒಂದು ಡೌಟು. ಛಾವಣಿ ಮೇಲೆ ಪಿಟೀಲು ಬಾರಿಸೋನು ಯಾರು? ಕಥೇಲಿ ಇದಾನಾ?

ಜರ್ಸಿ_ಗೌಡ

ಕಥೆಗಳಲ್ಲಿ ಇಲ್ಲ! ಅವನು ಚಿತ್ರದಿಂದ ಇಳಿದು ಬಂದವನು. ಮಾರ್ಕ್ ಶಗಾಲ್ ಬರೆದ ಚಿತ್ರಗಳಲ್ಲಿ ಊರ ಮನೆಗಳ ಮೇಲೆ ಕೂತು ಪಿಟೀಲು ಬಾರಿಸೋ ಮನುಷ್ಯ ಇದಾನಲ್ಲ, ಅವನು. ರಂಗಸಜ್ಜಿಕೆ ಮಾಡಿದ ಬೋರಿಸ್ ಆರೊನ್ಸನ್ ಶಗಾಲ್ ಬಗ್ಗೆ ಪುಸ್ತಕ ಬರೆದವರು. ನಾನು ಶಾಕ್ ಆಗಿದ್ದು ಬೇರೆ ವಿಷಯಕ್ಕೆ, ನಾನು ಸಾಹುಕಾರ ಆಗಿದ್ದಿದ್ರೆ ಅಂತ ಟೆವ್ಯೆ ಹಾಡ್ತಾನಲ್ಲ, ಎಲ್ರಿಗೂ ಗೊತ್ತಿರೋ ಹಾಡು, ಅದರ ಬೀಜ ಟೆವ್ಯೆ ಕಥೆಗಳದ್ದಲ್ಲ. ಅದೇ ಲೇಖಕನ ಇನ್ನೊಂದು ಸ್ವಗತ, ನಾನು ರಾತ್‌ಶಿಲ್ಡ್ ಆಗಿದ್ದಿದ್ರೆ (ಯುರೋಪಿನ ಹೆಸರಾಂತ ಸಾಹುಕಾರ ಮನೆತನ) ಅಂತ ಬಡ ಮೇಷ್ಟ್ರೊಬ್ಬ ಕನಸು ಕಾಣೋದು. ಯಿಡ್ಡಿಷ್ ಪ್ರಯೋಗದಲ್ಲಿ ಆ ಹಾಡನ್ನ ರಾತ್‌ಶಿಲ್ಡ್ ಹೆಸರಲ್ಲೇ ಹಾಡಿದ್ರು. ಮೊಮ್ಮಗ ಅಜ್ಜಿ ಮನೆಗೆ ವಾಪಸ್ ಬಂದ ಹಂಗಿತ್ತು. ಹಾಡಿನ ಮಧ್ಯ ಪದಗಳೇ ಇಲ್ಲದೆ ಗುನುಗ್ತಾನಲ್ಲ, ಅದು ಹಸಿದಿಗಳು (ಯಹೂದಿಗಳ ಒಂದು ಭಕ್ತಿಪಂಥದವರು) ಭಜನೆಗೆ ಕೂತಾಗ ಹಾಡೋ ಪದ ಇಲ್ಲದ ರಾಗದ ಧಾಟಿ.

ಹಾರ್ಮೋನಿಯಂ_ಪೆಟ್ಟಿಗೆ

ನಮ್ಮ ತರಾನಾ ಇದ್ದಂಗ ಅನ್ರಿ. ಮನಿಷಾಗ ದುಃಖ ಬಾಳ ಆದ್ರೂ ಮಾತು ಸಾಲಂಗಿಲ್ಲ, ಖುಷಿ ಬಾಳ ಆದ್ರೂ ಸಾಲಂಗಿಲ್ಲ.

ನಿನ್ನೆ ರಾತ್ರಿ ಪೆಟ್ಟಿಗಿ ತಗದು ಸಿನಿಮಾದ ಆ ಮದಿವಿ ಹಾಡು ಬಾರಿಸಿ ನೋಡಿದ್ನಿ, ಸಣ್ಣವರಿದ್ದ ಮಕ್ಕಳು ಯಾವಾಗ ದೊಡ್ಡವರಾದ್ರು ಅಂತ ಬರ್ತದಲ್ಲ ಅದು. ಹೆಂಡ್ತಿ ಒಳಗಿಂದ ಬಂದು ಯಾವ ನಾಟಕದ್ದು ಅಂತ ಕೇಳಿದ್ಲು. ಅಮೆರಿಕಾದ್ದು ಅಂದ್ನಿ. ಸುಳ್ಳ ಹೇಳಬ್ಯಾಡ್ರಿ, ನಮ್ಮ ಅಕ್ಕನ ಮದಿವ್ಯಾಗ ಬ್ಯಾಂಡಿನವರು ಇಂಥಾದ್ದ ಬಾರಿಸಿದ್ರು ಅಂದ್ಲು. ವಾದ ಮಾಡ್ಲಿಲ್ಲ.

ಜರ್ಸಿ_ಗೌಡ

ನಿಮ್ಮ ಹೆಂಡತಿಯವರ ಥರಾನೇ ಜಪಾನಿನವರೂ ಅಂದಿದ್ರಂತೆ. 1967ರಲ್ಲಿ ಟೋಕಿಯೋದಲ್ಲಿ ಮಾಡಿಸಿದ ನಿರ್ಮಾಪಕ ಸ್ಟೈನ್ ಅವರನ್ನ, ಇದು ಅಮೆರಿಕದಲ್ಲಿ ಜನಕ್ಕೆ ಅರ್ಥ ಆಗುತ್ತಾ, ಇದು ಪಕ್ಕಾ ಜಪಾನಿ ಕಥೆ ಅಲ್ವಾ ಅಂತ ಕೇಳಿದ್ನಂತೆ. ಸ್ಟೈನ್ ಇದನ್ನ ಬಾಳ ಕಡೆ ಹೇಳ್ಕೊಂಡಿದಾರೆ.

ಪುಟ್ಟೇನಹಳ್ಳಿ_ಪದ್ದಿ

ಸರಿ, ಸೋತೆ. ಅರ್ಧ ಸೋತೆ. ಮೋಸ ಅನ್ನೋ ಮಾತು ವಾಪಸ್ ತಗೋತೀನಿ, ಸರಸು ಅತ್ತೆಗೋಸ್ಕರ. ಆದ್ರೆ ಒಂದು ಜಾಗದಲ್ಲಿ ಬಿಟ್ಟುಕೊಡಲ್ಲ, ಆ ಮೂರನೇ ಮಗಳು ಖಾವ.

ನಾಟಕದ ಕೊನೇಲಿ ಎಲ್ಲರೂ ಊರು ಖಾಲಿ ಮಾಡ್ತಿರ್ತಾರೆ, ಖಾವ ಗಂಡನ ಜೊತೆ ಬಂದು ನಿಲ್ತಾಳೆ, ಅಪ್ಪ ತಿರುಗಿ ನೋಡಲ್ಲ, ಗಂಟು ಕಟ್ತಾ ಇರ್ತಾನೆ, ಬಾಯಲ್ಲೇ ಮೆಲ್ಲಗೆ ದೇವರು ನಿಮ್ಮ ಜೊತೆಗಿರ್ಲಿ ಅಂತಾನೆ, ದೊಡ್ಡ ಮಗಳು ಅದನ್ನ ಕೂಗಿ ಹೇಳ್ತಾಳೆ. ಚೆನ್ನಾಗಿದೆ, ನಾನೂ ಅತ್ತೆ. ಅವರು ಅವರ ದಾರಿ, ಇವರು ಇವರ ದಾರಿ. ನಮಗೆ ಎದೆ ಹಗುರ ಆಗಿ ಮನೆಗೆ ಹೋಗ್ತೀವಿ.

ಕಥೇಲಿ ಹಂಗಿಲ್ಲ. ಎಷ್ಟೋ ವರ್ಷ ಆದ್ಮೇಲೆ, ಊರಿಂದ ಓಡಿಸ್ತಿದಾರೆ ಅಂತ ಗೊತ್ತಾದಾಗ, ಖಾವ ಅಲ್ಲಿದ್ದ ಬದುಕು ಬಿಟ್ಟು ಅಪ್ಪನ ಮನೆಗೆ ಬಂದಿರ್ತಾಳೆ, ಬಾಗಿಲಿಂದ ಬಂದು ಎರಡೂ ಕೈ ಚಾಚಿ, ಅಪ್ಪ, ಅಂತಾಳೆ. ಅಷ್ಟೇ. ಅಲ್ಲಿ ಟೆವ್ಯೆ ಕಥೆ ನಿಲ್ಲಿಸಿ ಲೇಖಕನ್ನ ಕೇಳ್ತಾನೆ, ನೀವಾಗಿದ್ರೆ ಏನು ಮಾಡ್ತಿದ್ರಿ ಸ್ವಾಮಿ? ಅಂತ. ಲೇಖಕ ಉತ್ತರ ಕೊಡಲ್ಲ. ಕೇಳಿದ್ದು ನನ್ನನ್ನೇ ಅಂತ ಅನ್ಸುತ್ತೆ. ನಿದ್ದೆ ಕೆಟ್ಟಿದ್ದು ಅದಕ್ಕೇ, ನೀರಿಗೆ ಬಿದ್ದ ಹುಡುಗಿಗಲ್ಲ. ಅದನ್ನ ಯಾವ ಹಾಡಿಗೆ ಹಾಕ್ತೀರಾ ಹೇಳಿ ಪೆಟ್ಟಿಗೆಯವ್ರೇ.

ಹಾರ್ಮೋನಿಯಂ_ಪೆಟ್ಟಿಗೆ

ಅದಕ್ಕ ಹಾಡು ಹಾಕಂಗಿಲ್ರಿ. ನಮ್ಮಪ್ಪ ಅಂಥಾ ಜಾಗಾದಾಗ ಬರೇ ಷಡ್ಜ ಒತ್ತಿ ಹಿಡೀತಿದ್ರು, ಕಾಲ ಮೆಲ್ಲಕ ತುಳೀತಿದ್ರು, ಗಾಳಿ ಮುಗಿಯೂ ತನಕ.

ಸರಸು_ಅತ್ತೆ

ಪದ್ದಿ, ಆ ಜಾಗಾನ ನಾನು ನಮ್ಮನೆಯವರಿಗೆ ಓದಿ ಹೇಳ್ದೆ ಇವತ್ತು, ಕನ್ನಡ ಮಾಡ್ಕೊಂಡು. ನೀವಾಗಿದ್ರೆ ಏನು ಮಾಡ್ತಿದ್ರಿ ಅಂತ ಕೇಳ್ದೆ. ಕನ್ನಡಕ ತೆಗೆದು ಒರೆಸ್ಕೊಂಡು, ಅವಳು ಎಷ್ಟು ಹೊತ್ತಿಗೆ ಬಂದಿದ್ದು ಅಂದ್ರು. ಯಾಕೆ ಅಂದೆ. ಊಟದ ಹೊತ್ತಾ ಅಂತ, ಅಂದ್ರು.